ರಕ್ತ ಏರಿದ ದಿನ

ನಮ್ಮ ಮನೆತನದಲ್ಲಿ ಬಿ.ಎಸ್ಸಿ. ಪಾಸು ಮಾಡಿದವನು ನಾನೊಬ್ಬನೇ. ಅದೂ ಎರಡನೇ ದರ್ಜೆಯಲ್ಲಿ, ರಸಾಯನಶಾಸ್ತ್ರದ ಒಂದು ಪೇಪರನ್ನು ಎರಡು ಸಲ ಕಟ್ಟಿ. ಆದರೆ ಸಕಲೇಶಪುರದಿಂದ ವನಗೂರಿನವರೆಗೆ ಹರಡಿಕೊಂಡಿದ್ದ ನಮ್ಮ ನೆಂಟರಿಗೆ ಈ ವಿವರಗಳು ಬೇಕಿರಲಿಲ್ಲ. ಔಷಧದ ಚೀಟಿ, ಎಕ್ಸ್‌ರೇ, ತೋಟದ ಮಣ್ಣಿನ ಪರೀಕ್ಷೆಯ ಫಲಿತಾಂಶ, ಹಸು ಗಬ್ಬ ನಿಂತಿದೆಯೋ ಇಲ್ಲವೋ ಎಂದು ಪಶುವೈದ್ಯರು ಬರೆದುಕೊಟ್ಟ ಕಾಗದ, ಎಲ್ಲವೂ ಮೊದಲು ನನ್ನ ಕೈಗೆ ಬರುತ್ತಿದ್ದವು. ನಾನು ಅವನ್ನು ಕಿಟಕಿಯ ಬೆಳಕಿಗೆ ಹಿಡಿದು, ಹುಬ್ಬು ಗಂಟಿಕ್ಕಿ, "ಅಂಥದ್ದೇನಿಲ್ಲ" ಎನ್ನುತ್ತಿದ್ದೆ. ಹೆಚ್ಚಿನ ಸಲ ಅಂಥದ್ದೇನೂ ಇರುತ್ತಲೂ ಇರಲಿಲ್ಲ. ಹಾಗಾಗಿ ನನ್ನ ಕೀರ್ತಿ ಬೆಳೆಯುತ್ತಲೇ ಹೋಯಿತು.

ಹೊಟ್ಟೆಪಾಡಿಗೆ ಸಕಲೇಶಪುರದ ಒಬ್ಬ ಕಾಫಿ ವ್ಯಾಪಾರಿಯ ಗೋದಾಮಿನಲ್ಲಿ ಕೆಲಸಕ್ಕಿದ್ದೆ. ಬೆಳೆಗಾರರು ತರುವ ಒಣಗಿದ ಕಾಫಿ ಹಣ್ಣಿನ ಮೂಟೆಯಿಂದ ಮಾದರಿ ತೆಗೆದು, ಸಿಪ್ಪೆ ಬಿಡಿಸಿ, ತೂಗಿ, ಐವತ್ತು ಕಿಲೋ ಮೂಟೆಗೆ ಎಷ್ಟು ಕಿಲೋ ಕಾಳು ಸಿಕ್ಕೀತು ಎಂದು ಹೇಳುವುದು ನನ್ನ ಕೆಲಸ. ಆ ಲೆಕ್ಕಕ್ಕೆ ಔಟ್‌ಟರ್ನ್ ಅನ್ನುತ್ತಾರೆ. ಕಾಳಿನ ತೇವ ಅಳೆಯುವ ಯಂತ್ರವೂ ನನ್ನ ಮೇಜಿನ ಮೇಲೆಯೇ ಇತ್ತು.

ಅಕ್ಕನನ್ನು ಕೊಟ್ಟಿದ್ದು ವನಗೂರಿನ ಕಡೆಗೆ. ಭಾವ ಅಲ್ಲಿನ ಒಂದು ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್. ಅವರಿಗೆ ಒಬ್ಬಳೇ ಮಗಳು, ಆಗ ಏಳು ವರ್ಷ. ಮೊಬೈಲ್ ಫೋನು ನಮ್ಮ ಕಡೆಗೆ ಬಂದು ಎರಡು ಮೂರು ವರ್ಷವಾಗಿತ್ತು ಅಷ್ಟೆ.

ಆ ಹುಡುಗಿಗೆ ರಕ್ತ ಕಡಿಮೆ ಎನ್ನುವುದು ನಮ್ಮ ಕುಟುಂಬದ ಶಾಶ್ವತ ಚಿಂತೆ. ಶಾಲೆಯಲ್ಲಿ ನಡೆದ ಆರೋಗ್ಯ ತಪಾಸಣೆಯಲ್ಲಿ ಹಿಮೋಗ್ಲೋಬಿನ್ ಹತ್ತೂವರೆ ಎಂದು ಬರೆದುಕೊಟ್ಟಿದ್ದರು. ಅಂದಿನಿಂದ ಅವಳ ಅಜ್ಜಿ, ಅಂದರೆ ನನ್ನ ಅವ್ವ, ಹೋರಾಟಕ್ಕಿಳಿದಳು. ರಾಗಿ ಅಂಬಲಿ, ನುಗ್ಗೆಸೊಪ್ಪು, ನೆನೆಸಿದ ಖರ್ಜೂರ, ದಿನಕ್ಕೊಂದು ಹೊತ್ತು ಬೀಟ್‌ರೂಟ್ ಪಲ್ಯ. ರಜೆಗೆ ನಮ್ಮ ಮನೆಗೆ ಬಂದಾಗಲೆಲ್ಲ ಹುಡುಗಿ ಆ ಪಲ್ಯವನ್ನು ಕದ್ದು ಬೆಕ್ಕಿಗೆ ಹಾಕಲು ನೋಡುತ್ತಿದ್ದಳು. ಬೆಕ್ಕು ಮೂಸಿ ನೋಡಿ ಹಿತ್ತಲಿಗೆ ಹೊರಟುಹೋಗುತ್ತಿತ್ತು. ಬೆಕ್ಕಿಗೆ ರಕ್ತ ಸರಿಯಾಗಿಯೇ ಇತ್ತೆಂದು ಕಾಣುತ್ತದೆ.

ನವೆಂಬರ್ ಕೊನೆಯಲ್ಲಿ ಅವಳಿಗೆ ಜ್ವರ ಬಂತು. ತೋಟಗಳಲ್ಲಿ ಮೊದಲ ಕೊಯ್ಲಿನ ಹಣ್ಣು ಆಗಲೇ ಕಣದಲ್ಲಿ ಒಣಗುತ್ತಿತ್ತು. ಎರಡು ದಿನ ಎಸ್ಟೇಟಿನ ಸ್ಟೋರಿನಲ್ಲಿ ಸಿಗುವ ಮಾತ್ರೆ ಕೊಟ್ಟು ನೋಡಿ, ಮೂರನೆಯ ದಿನ ಭಾವ ಅಕ್ಕನನ್ನೂ ಮಗಳನ್ನೂ ಜೀಪಿನಲ್ಲಿ ಕೂರಿಸಿಕೊಂಡು ಸಕಲೇಶಪುರದ ನಮ್ಮ ಮನೆಗೆ ಬಂದಿಳಿದರು. ಕಣ್ಣಿನ ಹಿಂದೆ ನೋವು, ಮೈಕೈ ನೋವು, ಮುಖವೆಲ್ಲ ಕೆಂಪು. ಡಾಕ್ಟರು ನೋಡಿದರು, ರಕ್ತ ಪರೀಕ್ಷೆಗೆ ಬರೆದರು. ಆ ಮೊದಲ ರಿಪೋರ್ಟು ಡಾಕ್ಟರ ಕೈ ಸೇರುವ ಮೊದಲೇ, ನಮ್ಮ ಮನೆಯ ರೂಢಿಯಂತೆ, ನನ್ನ ಕೈ ಸೇರಿತು.

ಬಿಳಿ ರಕ್ತಕಣ ಎರಡು ಸಾವಿರದ ಒಂಬೈನೂರು. ಇರಬೇಕಾದದ್ದಕ್ಕಿಂತ ಕಡಿಮೆ.

"ಸೋಂಕು ಬಂದರೆ ಬಿಳಿ ಕಣ ಏರಬೇಕು ಭಾವ. ಇಲ್ಲಿ ಇಳಿದಿದೆ. ಹಾಗಂದರೆ ಸೋಂಕಿಲ್ಲ" ಎಂದೆ.

"ನೋಡು, ಓದಿದೋರು ಮನೇಲಿರ್ಬೇಕು ಅನ್ನೋದು ಇದಕ್ಕೇ ಕಣೇ" ಎಂದು ಭಾವ ಅಕ್ಕನ ಕಡೆ ತಿರುಗಿ ಹೇಳಿದರು.

ಡಾಕ್ಟರು ಅದೇ ಕಾಗದ ನೋಡಿ, ಬಿಳಿ ಕಣ ಹೀಗೆ ಇಳಿದಿರುವುದೇ ಡೆಂಗ್ಯೂ ಇರಬಹುದು ಎನ್ನುವುದಕ್ಕೆ ಒಂದು ಗುರುತು ಎಂದರು. ನನ್ನ ವಿಜ್ಞಾನಕ್ಕೆ ಬಿದ್ದ ಮೊದಲ ಪೆಟ್ಟು ಅದು. ಆದರೆ ಭಾವನಿಗೆ ನನ್ನ ಮೇಲಿನ ವಿಶ್ವಾಸ ಕುಂದಲಿಲ್ಲ. ಡಾಕ್ಟರಿಗೂ ಒಮ್ಮೊಮ್ಮೆ ತಪ್ಪಾಗುತ್ತದೆ ಎಂದುಕೊಂಡರು. ಡಾಕ್ಟರು ಮಾತ್ರ ಬೆರಳು ಮಡಚಿ ಮಡಚಿ ಹೇಳಿದರು: ನೀರು, ಎಳನೀರು, ಗಂಜಿ ಚೆನ್ನಾಗಿ ಕುಡಿಸಿ. ಎರಡು ದಿನ ಬಿಟ್ಟು ಮತ್ತೆ ರಕ್ತ ನೋಡಿಸಿ. ಹೊಟ್ಟೆನೋವು ಬಂದರೆ, ವಾಂತಿ ನಿಲ್ಲದಿದ್ದರೆ, ಕೈಕಾಲು ತಣ್ಣಗಾದರೆ, ಮಗು ಮಂಕಾದರೆ ಕಾಯಬೇಡಿ. ಮುಖ್ಯವಾಗಿ, ಜ್ವರ ಬಿಟ್ಟ ಮೇಲಿನ ಒಂದೆರಡು ದಿನ ಕಣ್ಣಿಟ್ಟು ನೋಡಿ, ಅಪಾಯ ಇರುವುದೇ ಆಗ. ನಾವು ಮೂವರೂ ತಲೆಯಾಡಿಸಿದೆವು. ತಲೆಯಾಡಿಸುವುದರಲ್ಲಿ ನಮ್ಮ ಮನೆಯವರನ್ನು ಮೀರಿಸುವವರಿಲ್ಲ.

ಡೆಂಗ್ಯೂ ಎಂಬ ಮಾತು ಕೇಳಿ ಬೀದಿಯವರೆಲ್ಲ ನೋಡಲು ಬಂದರು. ಅದು ಬೆಂಗಳೂರಿನ ಕಾಯಿಲೆ ಎಂದು ಅವರೆಲ್ಲರ ಅಭಿಪ್ರಾಯ. "ಈ ಚಳಿಗೆ ಸೊಳ್ಳೆ ಎಲ್ಲಿಂದ ಬರ್ತದೆ ಕಣ್ರೀ? ಕೊಳೆ ನೀರಿದ್ರೆ ತಾನೆ" ಎಂದು ಒಬ್ಬರು ಹೇಳಿದಾಗ ಭಾವ, ತಮ್ಮ ಮನೆಯ ಮುಂದಿನ ಎರಡು ಡ್ರಮ್ಮಿನಲ್ಲಿ ಇರುವುದು ಕನ್ನಡಿಯಂಥ ಝರಿ ನೀರು ಎಂದು ಎದೆಯುಬ್ಬಿಸಿ ಹೇಳಿದರು. ಡೆಂಗ್ಯೂ ಸೊಳ್ಳೆಗೆ ಬೇಕಾದದ್ದು ಅಂಥ ತಿಳಿನೀರೇ ಎಂದು ಅಲ್ಲಿ ಕೂತಿದ್ದ ಯಾರಿಗೂ ಗೊತ್ತಿರಲಿಲ್ಲ. ಪ್ರಾಣಿಶಾಸ್ತ್ರ ಓದಿದ್ದ ನನಗೆ ಗೊತ್ತಿರಬೇಕಿತ್ತು.

ಬಂದವರೆಲ್ಲರೂ ಕೇಳುತ್ತಿದ್ದ ಪ್ರಶ್ನೆ ಒಂದೇ: ಪ್ಲೇಟ್‌ಲೆಟ್ ಎಷ್ಟು? ಅದೇನೆಂದು ಅವರಿಗೂ ಗೊತ್ತಿರಲಿಲ್ಲ, ನಮಗೂ ಸರಿಯಾಗಿ ಗೊತ್ತಿರಲಿಲ್ಲ. ಆದರೆ ಭಾವ ಅದನ್ನು ಕ್ರಿಕೆಟ್ ಸ್ಕೋರಿನಂತೆ ಹೇಳುತ್ತಿದ್ದರು. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುತ್ತಿದ್ದದ್ದು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮಾತ್ರ. ಅದರ ಮೇಲೆ ನಿಂತು, "ಒಂದು ಲಕ್ಷದ ಮೂವತ್ತು! ಅಂ? ಒಂದು ಮೂವತ್ತು ಕಣೋ! ಇಪ್ಪತ್ತು ಸಾವಿರಕ್ಕಿಂತ ಇಳಿಯೋವರ್ಗೂ ಏನೂ ಭಯ ಇಲ್ವಂತೆ" ಎಂದು ಇಡೀ ತಾಲ್ಲೂಕಿಗೆ ಕೂಗಿ ಹೇಳುತ್ತಿದ್ದರು. ಆ ಇಪ್ಪತ್ತು ಸಾವಿರದ ಗೆರೆ ಎಳೆದವರು ಡಾಕ್ಟರಲ್ಲ, ವನಗೂರಿನ ಜೀಪ್ ಡ್ರೈವರೊಬ್ಬ. ಅವನ ಚಿಕ್ಕಪ್ಪನ ಮಗನಿಗೆ ಹಿಂದಿನ ವರ್ಷ ಡೆಂಗ್ಯೂ ಬಂದು ವಾಸಿಯಾಗಿತ್ತು. ಅಷ್ಟಕ್ಕೆ ಅವನು ತಜ್ಞ.

ಅವನ ಸಲಹೆಯ ಮೇರೆಗೇ ಪಪ್ಪಾಯಿ ಎಲೆ ಬಂದದ್ದು. ಒಂದೆರಡು ಎಲೆಯಲ್ಲ, ಕಾಫಿ ಚೀಲದ ತುಂಬ. ಅವ್ವ ಅರೆದು ಹಿಂಡಿದಳು. ಹುಡುಗಿ ಒಂದು ಗುಟುಕು ಕುಡಿದು ಮುಖ ಹಿಂಡಿದಳು.

"ಅಜ್ಜಿ, ನೀನು ಕುಡಿದು ತೋರ್ಸು."

"ನನಗೇನು ಡೆಂಗು ಬಂದೈತಾ? ಕುಡಿ ಕಂದಾ, ರಕ್ತ ಏರ್ತದೆ."

"ನೀನು ಬೀಟ್‌ರೂಟಿಗೂ ಹಂಗೇ ಅಂದಿದ್ದೆ."

ಕುಡಿದಳು, ವಾಂತಿ ಮಾಡಿದಳು. ಮತ್ತೆ ಕುಡಿಸಿದರು, ಮತ್ತೆ ವಾಂತಿ. ಹೀಗಾಗಿ ನಾಲ್ಕನೆಯ ದಿನ ಸಂಜೆಯ ಹೊತ್ತಿಗೆ ಅವಳು ಮೂರು ಸಲ ವಾಂತಿ ಮಾಡಿಕೊಂಡಾಗ ನಾವು ಯಾರೂ ಹೆದರಲಿಲ್ಲ. ಪಪ್ಪಾಯಿ ಎಲೆ ಕಹಿಯಲ್ಲವೇ? ಹೊಟ್ಟೆನೋವು ಎಂದಳು. ನಾಲ್ಕು ದಿನದಿಂದ ಊಟವಿಲ್ಲ, ಹಸಿವಿನ ನೋವು ಎಂದೆವು. ಡಾಕ್ಟರು ಹೇಳಿದ್ದ ಪ್ರತಿಯೊಂದು ಗುರುತೂ ಸರತಿಯಲ್ಲಿ ನಮ್ಮ ಮನೆಗೆ ಬಂದಿತು. ಪ್ರತಿಯೊಂದಕ್ಕೂ ನಮ್ಮ ಹತ್ತಿರ ಒಂದು ಒಳ್ಳೆಯ ಕಾರಣ ಸಿದ್ಧವಾಗಿತ್ತು.

ಐದನೆಯ ದಿನ ಬೆಳಿಗ್ಗೆ ಜ್ವರ ಬಿಟ್ಟಿತು.

ನಮ್ಮ ಕಡೆ ಜ್ವರ ಬಿಟ್ಟರೆ ತಲೆಗೆ ನೀರು ಹಾಕುತ್ತಾರೆ. ಅಷ್ಟು ದಿನ ಹಸಿಬಟ್ಟೆಯಲ್ಲಿ ಒರೆಸಿಕೊಂಡಿದ್ದ ಮೈಗೆ ಎಣ್ಣೆ ಹಚ್ಚಿ, ಬೇವಿನ ಎಲೆ ಹಾಕಿ ಕಾಯಿಸಿದ ಬಿಸಿನೀರು ಹೊಯ್ದು, ಹಣೆಗೆ ವಿಭೂತಿ ಇಟ್ಟು, ಮೆಣಸಿನ ಸಾರಿನಲ್ಲಿ ಮೆತ್ತಗಿನ ಅನ್ನ ಉಣ್ಣಿಸಿದರೆ ಕಾಯಿಲೆಯ ಲೆಕ್ಕ ಮುಗಿದಂತೆ. ಆಮೇಲೆ ಆ ಕಾಯಿಲೆಯ ಬಗ್ಗೆ ಮಾತಾಡುವುದೂ ಅಪಶಕುನ. ಅವ್ವ ಬೆಳಿಗ್ಗೆಯೇ ಹಂಡೆಗೆ ನೀರು ತುಂಬಿಸತೊಡಗಿದಳು. ಹಣೆ ಮುಟ್ಟಿ ನೋಡಿ, "ಮೈ ತಣ್ಣಗೈತೆ, ಶಿವ ಕಣ್ಬಿಟ್ಟ" ಎಂದಳು. ಶಿವ ಕಣ್ಣು ಬಿಟ್ಟಿದ್ದಿರಬಹುದು. ನಾವು ಬಿಟ್ಟಿರಲಿಲ್ಲ.

ಜ್ವರ ಬಿಟ್ಟ ಮಗುವಿಗೆ ಮತ್ತೆ ಸೂಜಿ ಚುಚ್ಚಿಸುವುದು ಅವ್ವನಿಗೆ ಇಷ್ಟವಿರಲಿಲ್ಲ. ಡಾಕ್ಟರು ಬರೆದಿದ್ದಾರಲ್ಲ ಎಂದು ಅಕ್ಕ ಹಟ ಹಿಡಿದದ್ದರಿಂದ ಭಾವ ಮಗಳನ್ನು ಎತ್ತಿಕೊಂಡು ಲ್ಯಾಬಿಗೆ ಹೋಗಿ ರಕ್ತ ಕೊಡಿಸಿ, ಮತ್ತೆ ಮನೆಗೆ ತಂದು ಬಿಟ್ಟರು. ಹನ್ನೊಂದು ಗಂಟೆಗೆ ರಿಪೋರ್ಟು ಹಿಡಿದುಕೊಂಡು ನನ್ನ ಗೋದಾಮಿಗೆ ಬಂದರು. ಡಾಕ್ಟರು ಅಂದು ಯಾವುದೋ ಮದುವೆಗೆ ಹೋಗಿದ್ದರು, ಸಂಜೆ ಐದಕ್ಕೆ ಬರುತ್ತಾರಂತೆ.

"ಲ್ಯಾಬಿನವನು ಏನೋ ಗೊಣಗ್ತಿದ್ದ ಮಾರಾಯ. ಇದೇನೋ ಪಿ.ಸಿ.ವಿ. ಜಾಸ್ತಿ ಆಗೈತೆ, ಈಗ್ಲೇ ಯಾರಾದ್ರೂ ಡಾಕ್ಟ್ರಿಗೆ ತೋರ್ಸಿ ಅಂದ. ಜಾಸ್ತಿ ಆದ್ರೆ ಒಳ್ಳೇದಲ್ವೇನಯ್ಯ ಅಂತ ಕೇಳ್ದೆ. ತೋರ್ಸಿ ಅಂದ್ನಲ್ಲ ಅಂತ ನನ್ನ ಮೇಲೇ ರೇಗ್ದ. ಅದಕ್ಕೇ ನಿನ್ನ ಹತ್ರ ತಂದೆ."

ಮೇಜಿನ ಮೇಲಿದ್ದ ಕಾಫಿ ಕಾಳನ್ನು ಒತ್ತಟ್ಟಿಗೆ ಸರಿಸಿ ಕಾಗದ ಬಿಚ್ಚಿದೆ. ಪ್ಲೇಟ್‌ಲೆಟ್ ಐವತ್ತೆಂಟು ಸಾವಿರಕ್ಕೆ ಇಳಿದಿತ್ತು. ಇಪ್ಪತ್ತಕ್ಕೆ ಇನ್ನೂ ದೂರವಿದೆ ಎಂದು ಇಬ್ಬರೂ ಒಪ್ಪಿಕೊಂಡೆವು. ಪಿ.ಸಿ.ವಿ. ಎಂಬುದರ ಮುಂದೆ ನಲವತ್ತೈದು ಎಂದು ಬರೆದು ಲ್ಯಾಬಿನವನು ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದ. ಮೊದಲ ರಿಪೋರ್ಟಿನಲ್ಲಿ ಅದು ಮೂವತ್ತಮೂರು ಇತ್ತು. ರಕ್ತವನ್ನು ಗಾಜಿನ ಕೊಳವೆಯಲ್ಲಿ ಹಾಕಿ ಗಿರ್ರನೆ ತಿರುಗಿಸಿದಾಗ ಕೆಳಗೆ ಕೂರುವ ಕೆಂಪು ಕಣಗಳ ಪಾಲು ಅದು, ಮೇಲೆ ನಿಲ್ಲುವುದು ನೀರು. ಕಾಲೇಜಿನಲ್ಲಿ ನಾನೇ ತಿರುಗಿಸಿದ್ದೆ, ಚಿತ್ರ ಬರೆದಿದ್ದೆ, ಆ ಪ್ರಯೋಗಕ್ಕೆ ಹತ್ತಕ್ಕೆ ಎಂಟು ಅಂಕ ಬಂದಿತ್ತು. ಅದರ ಕೆಳಗಿನ ಸಾಲಿನಲ್ಲಿ ಹಿಮೋಗ್ಲೋಬಿನ್: ಹದಿನಾಲ್ಕು ಪಾಯಿಂಟ್ ಎಂಟು.

"ಭಾವ! ಹದಿನಾಲ್ಕು ಪಾಯಿಂಟ್ ಎಂಟು!"

"ನಿಜವಾಗ್ಲೂ? ಹತ್ತೂವರೆ ಇದ್ದಿದ್ದು?"

"ರಕ್ತ ಏರಿದೆ. ಈ ಕೆಂಪು ಸುತ್ತೂ ಅದಕ್ಕೇ. ರಕ್ತ ಗಟ್ಟಿಯಾಗಿದೆ ಅಂತ."

"ಗಟ್ಟಿಯಾದ್ರೆ ಬ್ಯಾಡ ಅಂತಾರಾ? ಹಾಲು ಗಟ್ಟಿ ಐತೆ ಅಂತ ಯಾರಾದ್ರೂ ಡೈರಿಗೆ ದೂರು ಕೊಡ್ತಾರಾ?"

ಇಬ್ಬರೂ ನಕ್ಕೆವು. ಆ ನಗು ನನಗೆ ಈಗಲೂ ಕೇಳಿಸುತ್ತದೆ. ಭಾವ ಗೋದಾಮಿನ ಫೋನಿನಿಂದಲೇ ನಮ್ಮ ಪಕ್ಕದ ಮನೆಗೆ ಫೋನು ಮಾಡಿ ಅವ್ವನನ್ನು ಕರೆಸಿ ಸುದ್ದಿ ಹೇಳಿದರು. ಅವ್ವ ಆ ಕಡೆಯಿಂದ ಅಂದದ್ದು ನನ್ನ ಕುರ್ಚಿಯವರೆಗೂ ಕೇಳಿಸಿತು: "ನಾ ಹೇಳ್ಲಿಲ್ವಾ, ಬೀಟ್‌ರೂಟು ಸುಮ್ನೆ ಹೋಗಲ್ಲ ಅಂತ!"

ಭಾವ ಜೀಪಿನ ಏನೋ ರಿಪೇರಿ ನೋಡಿಸಿಕೊಂಡು ಮನೆಗೆ ಹೋಗುತ್ತೇನೆಂದು ಎದ್ದರು. ಅವರು ಹೋದ ಮೇಲೆ ಹೆಗ್ಗದ್ದೆ ಕಡೆಯ ಒಬ್ಬ ಬೆಳೆಗಾರರು ಬಂದರು. ಹಿಂದಿನ ವಾರ ಇದೇ ಕಣದ, ಇದೇ ಕೊಯ್ಲಿನ ಮಾದರಿ ತಂದಿದ್ದವರು. ಸಿಪ್ಪೆ ಬಿಡಿಸಿ ತೂಗಿದೆ. ಹೋದ ವಾರ ಔಟ್‌ಟರ್ನ್ ಇಪ್ಪತ್ತಮೂರು ಬಂದಿತ್ತು. ಈಗ ಇಪ್ಪತ್ತಾರು.

ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. "ನೋಡಿದ್ರಾ? ಈ ಸಲ ಕುರಿ ಗೊಬ್ಬರ ಹಾಕ್ಸಿದ್ದೆ. ಎಲ್ರೂ ನಗಾಡಿದ್ರು. ಈಗ ಕಾಳು ತಾನೇ ಮಾತಾಡ್ತೈತೆ."

"ಗೊಬ್ಬರಕ್ಕೂ ಇದಕ್ಕೂ ಏನು ಸಂಬಂಧ ಸ್ವಾಮಿ? ಕೊಯ್ದು ಹಾಕಿದ ಕಾಯಿ ಕಣದಲ್ಲಿ ಬೆಳೆಯುತ್ತಾ? ಕಾಳು ಇದ್ದಷ್ಟೇ ಇದೆ. ನೀರು ಹೋಗಿದೆ, ಅಷ್ಟೆ" ಎಂದೆ.

ವರ್ಷಕ್ಕೆ ನೂರು ಸಲ ಹೇಳುತ್ತಿದ್ದ ಮಾತು. ಬಾಯಿಂದ ಹೊರಬಿದ್ದ ಮೇಲೆ ತಕ್ಕಡಿಯ ಮೇಲಿದ್ದ ನನ್ನ ಕೈ ಅಲ್ಲೇ ನಿಂತಿತು. ನಾಲ್ಕು ದಿನದಲ್ಲಿ ಆ ಹುಡುಗಿಯ ಹೊಟ್ಟೆಗೆ ಹೋದದ್ದು ಐದಾರು ಚಮಚ ಗಂಜಿ, ಅದರಲ್ಲಿ ಅರ್ಧ ವಾಂತಿಯಲ್ಲಿ ಹೊರಬಂದಿತ್ತು. ಅಷ್ಟರಿಂದ ಯಾವ ಮೈ ತಾನೇ ಅಷ್ಟು ರಕ್ತ ಮಾಡೀತು? ಮೂವತ್ತಮೂರು ನಲವತ್ತೈದಾದದ್ದು ಹೇಗೆ? ಕೆಂಪು ಕಣ ಇದ್ದಷ್ಟೇ ಇದೆ. ನೀರು ಹೋಗಿದೆ. ಎಲ್ಲಿಗೆ?

ಆಗಲೇ ಎದ್ದು ಓಡಿದೆ ಎಂದು ಮೊದಮೊದಲು ಎಲ್ಲರಿಗೂ ಹೇಳುತ್ತಿದ್ದೆ. ಓಡಲಿಲ್ಲ. ಬೆಳೆಗಾರರು ಟೀ ತರಿಸಿದರು, ಕುಡಿದೆ. ಕುರಿ ಗೊಬ್ಬರದ ಬಗ್ಗೆ ಅವರು ಹೇಳಿದ್ದಕ್ಕೆ ಹೂಂಗುಟ್ಟಿದೆ. ಒಂದು ಗಂಟೆ ಮುಂಚೆ ರಕ್ತ ಏರಿದೆ ಎಂದು ಸಾರಿದವನು ಈಗ ಹೋಗಿ ಇಲ್ಲ ಎನ್ನುವುದು ಹೇಗೆ ಎನ್ನುವುದೇ ತಲೆಯಲ್ಲಿತ್ತು. ಕಾಫಿ ಕಾಳು ಬೇರೆ, ಮನುಷ್ಯರ ರಕ್ತ ಬೇರೆ ಎಂದು ನನಗೆ ನಾನೇ ಪಾಠ ಹೇಳಿಕೊಂಡೆ. ಹತ್ತು ನಿಮಿಷ ಆಗಿರಬೇಕು. ಆ ಹತ್ತು ನಿಮಿಷವನ್ನು ನಾನು ಎಷ್ಟು ಸಲ ಹಿಂದಕ್ಕೆ ತಿರುಗಿಸಿ ನೋಡಿದ್ದೇನೋ ಲೆಕ್ಕವಿಲ್ಲ. ಪ್ರತಿಸಲವೂ ಆ ಟೀ ಲೋಟ ನನ್ನ ಕೈಯಲ್ಲೇ ಇರುತ್ತದೆ.

ಕೊನೆಗೆ ಭಾವ ಮೇಜಿನ ಮೇಲೆ ಬಿಟ್ಟುಹೋಗಿದ್ದ ರಿಪೋರ್ಟಿನ ತಲೆಬರಹದಲ್ಲಿದ್ದ ಲ್ಯಾಬಿನ ನಂಬರಿಗೆ ಫೋನು ಮಾಡಿದೆ.

"ಬೆಳಿಗ್ಗೇನೇ ಬಡ್ಕೊಂಡ್ನಲ್ಲ ಸಾರ್!" ಎಂದ ಲ್ಯಾಬಿನವನು. "ಯಾವ ಡಾಕ್ಟ್ರು ನೋಡಿದ್ರು?"

"ಯಾರೂ ನೋಡಿಲ್ಲ. ನಾನು ನೋಡಿದೆ."

"ನೀವು ಡಾಕ್ಟ್ರಾ?"

"ಬಿ.ಎಸ್ಸಿ."

"ಮಗೀನ ಕಾಲು ಮುಟ್ಟಿ ನೋಡಿ. ಉಗುರು ಒತ್ತಿ ಬಿಡಿ. ಕೆಂಪು ಬೇಗ ವಾಪಸ್ ಬರ್ಲಿಲ್ಲ ಅಂದ್ರೆ ಇಲ್ಲಿ ಯಾರಿಗೂ ಕಾಯ್ಬೇಡಿ, ಹಾಸನಕ್ಕೆ ಹೊಂಟ್ಬುಡಿ."

ಸೇತುವೆ ದಾಟಿ ಮನೆಗೆ ಆರೇಳು ನಿಮಿಷದ ದಾರಿ. ಈ ಸಲ ಓಡಿದೆ.

ಬಚ್ಚಲಿನಲ್ಲಿ ಬೇವಿನ ಎಲೆಯ ವಾಸನೆ. ಹಂಡೆಯ ನೀರು ಕುದಿಯುತ್ತಿತ್ತು. ಹುಡುಗಿಯನ್ನು ಮಣೆಯ ಮೇಲೆ ಕೂರಿಸಿ ಅಕ್ಕ ಹಿಂದಿನಿಂದ ಹಿಡಿದುಕೊಂಡಿದ್ದಳು. ತಲೆ ಅಕ್ಕನ ತೋಳಿನ ಮೇಲೆ ಜೋತುಬಿದ್ದಿತ್ತು. ಅವ್ವ ತಂಬಿಗೆಯಲ್ಲಿ ನೀರು ಬೆರೆಸುತ್ತಿದ್ದಳು. "ಸುಸ್ತು ಪಾಪ, ಬಿಸಿನೀರು ಬಿದ್ರೆ ಎಲ್ಲಾ ಸರಿಹೋಯ್ತದೆ" ಎನ್ನುತ್ತಿದ್ದಳು.

ನಾನು ಬಗ್ಗಿ ಹುಡುಗಿಯ ಪಾದ ಹಿಡಿದೆ. ಹಬೆ ತುಂಬಿದ ಆ ಬಚ್ಚಲಿನಲ್ಲಿ ಅದೊಂದೇ ತಣ್ಣಗಿತ್ತು. ತಣ್ಣಗೆಂದರೆ ಬೆಳಗಿನ ಇಬ್ಬನಿ ಬಿದ್ದ ಕಲ್ಲು ಇರುತ್ತದಲ್ಲ, ಹಾಗೆ. ಹೆಬ್ಬೆರಳಿನ ಉಗುರು ಒತ್ತಿ ಬಿಟ್ಟೆ. ಬೆಳ್ಳಗಾಯಿತು, ಬೆಳ್ಳಗೇ ಇತ್ತು. ನಾನು ಮನಸ್ಸಿನಲ್ಲೇ ಎಣಿಸಿದೆ. ಒಂದು, ಎರಡು, ಮೂರು, ನಾಲ್ಕು.

"ಭಾವ, ಜೀಪು ತೆಗೀರಿ. ಹಾಸನಕ್ಕೆ ಹೋಗಬೇಕು."

ಅವ್ವ ತಂಬಿಗೆ ಹಿಡಿದೇ ತಿರುಗಿದಳು. "ಏನೋ ಬಂದೈತೆ ನಿನಗೆ? ಜ್ವರ ಬಿಟ್ಟಿರೋ ಮಗೀನ ಯಾರಾದ್ರೂ ಆಸ್ಪತ್ರೆಗೆ ಒಯ್ತಾರೇನೋ?"

ಭಾವ ಬಾಗಿಲಲ್ಲಿ ನಿಂತಿದ್ದರು. "ಬೆಳಿಗ್ಗೆ ನೀನೇ ತಾನೇ ರಕ್ತ ಏರೈತೆ ಅಂದಿದ್ದು?"

"ತಪ್ಪು ಹೇಳಿದೆ."

"ತಪ್ಪಾ? ಹದಿನಾಲ್ಕು ಅಂತ ಬರೆದಿದ್ದು ತಪ್ಪಾ?"

"ಬರೆದಿದ್ದು ಸರಿ ಇದೆ ಭಾವ. ಓದಿದ ನಾನು ತಪ್ಪು."

ಇಪ್ಪತ್ತು ವರ್ಷದ ಕೀರ್ತಿ ಒಂದೇ ಸಾಲಿನಲ್ಲಿ ಬಚ್ಚಲಿನ ಮೋರಿಗೆ ಹರಿದುಹೋಯಿತು. ಅಕ್ಕ ಯಾರನ್ನೂ ಕೇಳಲಿಲ್ಲ. ಮಗಳನ್ನು ಟವೆಲಿನಲ್ಲಿ ಸುತ್ತಿ ಎತ್ತಿಕೊಂಡು ನಡೆದು ಜೀಪಿನಲ್ಲಿ ಕೂತಳು.

ವನಗೂರಿನ ಇಳಿಜಾರಿನಲ್ಲಿ ಜೀಪನ್ನು ಆಡಿನಂತೆ ಹಾರಿಸಿಕೊಂಡು ಬರುವ ಭಾವ, ಹಾಸನದ ಹೆದ್ದಾರಿಯಲ್ಲಿ ಎತ್ತಿನಗಾಡಿ ಹೊಡೆಯುವವರಂತೆ ಕೂತಿದ್ದರು. ಮಗಳ ಕಡೆ ತಿರುಗಿ ತಿರುಗಿ ನೋಡುತ್ತಿದ್ದರು. ಹುಡುಗಿ ಆಗಾಗ ಕಣ್ಣು ಬಿಟ್ಟು "ನೀರು" ಎನ್ನುತ್ತಿದ್ದಳು, ಎರಡು ಗುಟುಕಿಗೇ ಮುಖ ತಿರುಗಿಸುತ್ತಿದ್ದಳು. ನಾನು ಅವಳ ಎರಡೂ ಪಾದಗಳನ್ನು ನನ್ನ ಅಂಗೈಯಲ್ಲಿಟ್ಟುಕೊಂಡು ಉಜ್ಜುತ್ತಿದ್ದೆ. ಆಲೂರು ಕ್ರಾಸಿನ ಹತ್ತಿರ ಭಾವನ ಮೊಬೈಲು ಬಡಿದುಕೊಂಡಿತು. ನಾನು ತೆಗೆದೆ. ಭಾವನ ಸೋದರತ್ತೆಯ ಮಗ.

"ಎಷ್ಟಾಯ್ತು ಪ್ಲೇಟ್‌ಲೆಟ್ಟು?" ಎಂದ.

ಫೋನು ಆರಿಸಿ ಜೇಬಿಗೆ ಹಾಕಿಕೊಂಡೆ.

ಹಾಸನದ ಆಸ್ಪತ್ರೆಯ ಮಕ್ಕಳ ಡಾಕ್ಟರು ಒಬ್ಬ ಹೆಂಗಸು. ಎರಡು ರಿಪೋರ್ಟುಗಳನ್ನು ಪಕ್ಕಪಕ್ಕದಲ್ಲಿ ಹಿಡಿದು ನೋಡಲು ಅವರಿಗೆ ಹಿಡಿದದ್ದು ಮೂರು ಸೆಕೆಂಡು. ಅವರು ಹುಬ್ಬು ಗಂಟಿಕ್ಕಲೂ ಇಲ್ಲ. ನಾಡಿ ನೋಡಿದರು, ಹೊಟ್ಟೆ ಒತ್ತಿದರು, ನರ್ಸಿಗೆ ಏನೋ ಹೇಳಿದರು. ನರ್ಸು ಓಡಿದಳು. ಆಮೇಲೆ ನಮ್ಮ ಕಡೆ ತಿರುಗಿ, "ಮಗು ಕೊನೇ ಸಲ ಮೂತ್ರ ಮಾಡಿದ್ದು ಯಾವಾಗ?" ಎಂದರು.

ನಾವು ಮುಖ ಮುಖ ನೋಡಿಕೊಂಡೆವು. ಬಿಳಿ ಕಣ, ಕೆಂಪು ಕಣ, ಪ್ಲೇಟ್‌ಲೆಟ್ ಎಲ್ಲವೂ ನಮಗೆ ಬಾಯಿಪಾಠವಾಗಿತ್ತು. ಇದನ್ನು ಯಾರೂ ನೋಡಿರಲಿಲ್ಲ. "ನಿನ್ನೆ ಸಂಜೆ ಇರ್ಬೇಕು" ಎಂದಳು ಅಕ್ಕ, ತೀರ ಸಣ್ಣ ದನಿಯಲ್ಲಿ.

"ಪ್ಲೇಟ್‌ಲೆಟ್ ಹಾಕ್ಬೇಕಾ ಮೇಡಂ? ನಮ್ಮ ಎಸ್ಟೇಟ್ ಕೂಲಿ ಲೈನಿಂದ ಹತ್ತು ಜನಾನ ಕರೆಸ್ತೀನಿ, ಎಲ್ಲಾ ಗಟ್ಟಿ ಆಳುಗಳು" ಎಂದರು ಭಾವ.

"ಅವಳಿಗೆ ಈಗ ರಕ್ತ ಬೇಡ, ನೀರು ಬೇಕು. ರಕ್ತನಾಳದಿಂದ ನೀರು ಸೋರಿ ಹೊಟ್ಟೆಗೆ, ಎದೆಗೆ ಇಳೀತಿದೆ. ಕಣಗಳು ಒಳಗೇ ಉಳಿದಿವೆ. ಅದಕ್ಕೇ ಈ ಅಂಕಿ ಏರಿರೋದು. ನಾಳೆ ಬೆಳಿಗ್ಗೆವರೆಗೆ ನಾನು ಏನೂ ಹೇಳಕ್ಕಾಗಲ್ಲ. ಈ ಅಂಕಿ ಇಳೀಬೇಕು, ಮಗು ಮೂತ್ರ ಮಾಡ್ಬೇಕು. ಇವೆರಡೇ ನನಗೆ ಬೇಕಾಗಿರೋದು."

ಬಾಟಲಿ ನೇತುಹಾಕಿದರು. ಭಾವ ಅದರ ಮೇಲೆ ಬರೆದದ್ದನ್ನು ಓದಿಸಿಕೊಂಡರು. "ಉಪ್ಪು ನೀರಾ?" ಎಂದು ನನ್ನ ಕಿವಿಯಲ್ಲಿ ಕೇಳಿದರು. ಹಾಸನದವರೆಗೆ ಬಂದು ಉಪ್ಪು ನೀರು ಹಾಕಿಸಿಕೊಳ್ಳುವುದು ಎಸ್ಟೇಟಿನ ರೈಟರ್ ಒಬ್ಬರ ಅಂತಸ್ತಿಗೆ ತಕ್ಕದ್ದಲ್ಲ ಎಂದು ಅವರಿಗೆ ಅನ್ನಿಸಿರಬೇಕು. ಸಂಜೆ ಮತ್ತೆ ರಕ್ತ ತೆಗೆದರು. ನಲವತ್ತೇಳು. ಡಾಕ್ಟರು ಹನಿಗಳ ವೇಗ ಬದಲಿಸಿದರು, ಬೇರೆ ಬಾಟಲಿ ಹಾಕಿದರು, ಕುರ್ಚಿ ಎಳೆದುಕೊಂಡು ಮಂಚದ ಪಕ್ಕದಲ್ಲೇ ಕೂತರು. ಡಾಕ್ಟರು ರೋಗಿಯ ಪಕ್ಕದಲ್ಲಿ ಹೀಗೆ ಕುರ್ಚಿ ಹಾಕಿಕೊಂಡು ಕೂರುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅದನ್ನು ನೋಡಿದ ಮೇಲೆ ನನಗೆ ಯಾವ ರಿಪೋರ್ಟನ್ನೂ ಓದುವ ಅಗತ್ಯ ಬೀಳಲಿಲ್ಲ.

ಆ ರಾತ್ರಿ ಕಳೆಯಿತು, ಅಷ್ಟು ಮಾತ್ರ ಹೇಳಬಲ್ಲೆ. ಈಗ ನಮ್ಮ ನೆಂಟರು ಈ ಕತೆ ಹೇಳುವಾಗ ಪಪ್ಪಾಯಿ ಎಲೆ ಹುಡುಗಿಯನ್ನು ಉಳಿಸಿತು ಎನ್ನುತ್ತಾರೆ. ಆ ಜೀಪ್ ಡ್ರೈವರನ ಕೀರ್ತಿ ಹೆಗ್ಗದ್ದೆ ದಾಟಿದೆ ಎಂದು ಕೇಳಿದ್ದೇನೆ. ನಾನು ವಾದ ಮಾಡುವುದಿಲ್ಲ. ಯಾರ ಮನೆಯಲ್ಲಾದರೂ ಮಗುವಿಗೆ ಜ್ವರ ಬಿಟ್ಟಿತು ಎಂಬ ಸಂತೋಷದ ಸುದ್ದಿ ಕೇಳಿದರೆ, ಕರೆಯದಿದ್ದರೂ ಹೋಗಿ ಅದರ ಕಾಲು ಮುಟ್ಟಿ ನೋಡಿ ಬರುತ್ತೇನೆ. ಜನ ನನ್ನನ್ನು ಸ್ವಲ್ಪ ವಿಚಿತ್ರವಾಗಿ ನೋಡುತ್ತಾರೆ. ನೋಡಲಿ.

ಬೆಳಿಗ್ಗೆ ಏಳಕ್ಕೆ ಪಿ.ಸಿ.ವಿ. ನಲವತ್ತು. ಒಂಬತ್ತೂವರೆಗೆ ಮೂವತ್ತಾರು, ಹಿಮೋಗ್ಲೋಬಿನ್ ಹನ್ನೊಂದು ಮುಕ್ಕಾಲು. ಅಷ್ಟು ಹೊತ್ತಿಗೆ ಅವ್ವ ಮೊದಲ ಬಸ್ಸಿಗೆ ಬಂದಿಳಿದಿದ್ದಳು. ಭಾವನ ಕೈಯಲ್ಲಿದ್ದ ಕಾಗದದ ಅಂಕಿ ಕೇಳಿ ಎದೆ ಹಿಡಿದುಕೊಂಡಳು.

"ಹದಿನಾಲ್ಕು ಇದ್ದಿದ್ದು ಹನ್ನೊಂದಾಯ್ತಾ? ಇವ್ರೇ ಗಳಿಗೆಗೊಂದ್ಸಲ ಸೂಜಿ ಹಾಕಿ ಎಲ್ಲಾ ಬಸ್ಕೊಂಬುಟ್ರು! ಒಂದು ವರ್ಷದ ನನ್ನ ಬೇಸಾಯ ಕಣೋ ಅದು!"

"ಇಳೀಬೇಕು ಅವ್ವ. ಇಳಿದರೇ ಒಳ್ಳೇದು."

"ನಿನ್ನೆ ಏರಿದ್ರೆ ಒಳ್ಳೇದು ಅಂದೆ, ಇವತ್ತು ಇಳಿದ್ರೆ ಒಳ್ಳೇದು ಅಂತೀಯ. ನಿನ್ನ ಕಾಲೇಜಲ್ಲಿ ಎರಡೂ ಹೇಳ್ಕೊಟ್ಟವ್ರಾ?"

ಡಾಕ್ಟರು ಹುಡುಗಿಯ ಪಾದ ಮುಟ್ಟಿ ನೋಡುತ್ತಿದ್ದರು. ಅವರು ಏನಾದರೂ ಅನ್ನುತ್ತಾರೇನೋ ಎಂದು ನಾವು ನಾಲ್ವರೂ ಮಂಚದ ಸುತ್ತ ನಿಂತೆವು. ಹುಡುಗಿ ಕಣ್ಣು ಬಿಟ್ಟು ಒಬ್ಬೊಬ್ಬರನ್ನೇ ನೋಡಿದಳು. ತುಟಿ ಒಣಗಿತ್ತು.

"ಅಮ್ಮ, ಒಂದಕ್ಕೆ" ಎಂದಳು.

ಅಕ್ಕ "ಹಾಂ?" ಎಂದು ಕಿರುಚಿದ ರಭಸಕ್ಕೆ ಪಕ್ಕದ ಮಂಚದ ಮಗು ಎದ್ದು ಅಳತೊಡಗಿತು. ಭಾವ ನರ್ಸನ್ನು ಕರೆಯಲು ಓಡಿ, ಅವಸರದಲ್ಲಿ ಕಸ ಗುಡಿಸುವವಳನ್ನು ಕರೆತಂದರು. ಡಾಕ್ಟರು ನಿಂತಲ್ಲೇ ನಕ್ಕುಬಿಟ್ಟರು. ಆ ಎರಡು ದಿನದಲ್ಲಿ ಅವರ ಹಲ್ಲು ನಾನು ನೋಡಿದ್ದು ಅದೇ ಮೊದಲು. ನರ್ಸು ತಗಡಿನ ಪಾತ್ರೆಯನ್ನೂ ಅಳತೆಯ ಜಾಡಿಯನ್ನೂ ತಂದಳು. ಅವ್ವ ಎರಡೂ ಕೈ ಜೋಡಿಸಿ, ಯಾವ ದೇವರ ಹೆಸರು ಹೇಳಬೇಕೆಂದು ತಿಳಿಯದೆ ನಿಂತಿದ್ದಳು. ನಾವು ಯಾರೂ ಕದಲಲಿಲ್ಲ.

"ಎಲ್ರೂ ಇಲ್ಲೇ ನಿಂತ್ರೆ ನಂಗೆ ಬರಲ್ಲ" ಎಂದಳು ಹುಡುಗಿ. "ಹೊರಗೆ ಹೋಗಿ. ಮಾವ, ನೀನೂ."

ಹೊರಗೆ ಹೋದೆವು. ಮೊಗಸಾಲೆಯ ಗೋಡೆಗೆ ಒರಗಿ ಹಾಗೇ ನೆಲದ ಮೇಲೆ ಕೂತೆ. ಪರದೆಯ ಆಚೆಯಿಂದ ತಗಡಿಗೆ ಸಣ್ಣಗೆ ಬೀಳುವ ಸದ್ದು ಕೇಳಿಸಿತು. ನಿಂತಿತು. ಮತ್ತೆ ಬಂತು. ಭಾವ ಗೋಡೆಗೆ ಹಣೆಯಿಟ್ಟು ಅಳುತ್ತಿದ್ದರು.

ಅಷ್ಟರಲ್ಲಿ ನನ್ನ ಜೇಬಿನಲ್ಲಿದ್ದ ಅವರ ಮೊಬೈಲು ನೆನಪಾಗಿ ತೆಗೆದುಕೊಟ್ಟೆ. ಆನ್ ಮಾಡಿದ ಕೂಡಲೇ ಹೊಡೆದುಕೊಂಡಿತು. ಅವರು ಮೂಗು ಒರೆಸಿಕೊಂಡು ಕಿವಿಗಿಟ್ಟು, ಆ ಕಡೆಯವನಿಗೆ ಪ್ರಶ್ನೆ ಮುಗಿಸಲೂ ಬಿಡದೆ, ಇಡೀ ಮೊಗಸಾಲೆ ತಿರುಗಿ ನೋಡುವಂತೆ ಕೂಗಿದರು:

"ಪ್ಲೇಟ್‌ಲೆಟ್ ಮನೆ ಹಾಳಾಗ್ಲಿ ಮಾರಾಯ, ಒಂದಕ್ಕೆ ಹೋದ್ಲು ಕಣೋ!"